ನಿಮಗಿದು ಗೊತ್ತೇ? ವ್ಯಾಯಾಮ ಶುರುಮಾಡಿದ ಮೇಲೆ ತೂಕ ಏರುವುದೂ ಉಂಟು

ಹೊಸದಾಗಿ ವಾಕಿಂಗ್‌ಗೋ ಜಿಮ್‌ಗೋ ಹೋಗತೊಡಗಿದ ಮೊದಲ ಕೆಲವು ವಾರ ತೂಕ ಇಳಿಯುವ ಬದಲು ಅರ್ಧ ಕಿಲೋ, ಕೆಲವರಿಗೆ ಒಂದೆರಡು ಕಿಲೋವರೆಗೂ ಏರಬಹುದು. ಇದು ನಿಮಗೆ ಗೊತ್ತೇ? ಥಾಣೆಯ ಉಪವನ ಕೆರೆಯ ದಂಡೆ, ನೆರೂಲ್‌ನ ‘ಜುವೆಲ್ ಆಫ್ ನವಿ ಮುಂಬಯಿ’, ಕಲ್ಯಾಣ್‌ನ ಕಾಳಾ ತಲಾವ್, ಡೊಂಬಿವಲಿಯ ಕ್ರೀಡಾಸಂಕುಲ, ಎಲ್ಲಿ ನೋಡಿದರೂ ಉತ್ಸಾಹದಿಂದ ಬಂದ ನಮ್ಮ ಮುಂಬಯಿ ಕನ್ನಡಿಗರಲ್ಲಿ ಹಲವರು ತಿಂಗಳು ತುಂಬುವ ಮೊದಲೇ ಕಾಣದಾಗುತ್ತಾರೆ. ಕೇಳಿದರೆ, “ಇಷ್ಟು ನಡೆದರೂ ತೂಕ ಜಾಸ್ತಿಯೇ ಆಯ್ತಲ್ಲ ಮಾರಾಯ್ರೆ” ಎನ್ನುತ್ತಾರೆ. ಬಿಟ್ಟುಬಿಡಬೇಡಿ. ಆಗ ಮೈಯೊಳಗೆ ನಡೆಯುತ್ತಿರುವುದು ಒಳ್ಳೆಯ ಕೆಲಸ.

ಏರಿದ್ದರಲ್ಲಿ ಬಹುಪಾಲು ನೀರು. ಊಟದ ಅನ್ನ, ಚಪಾತಿಗಳ ಪಿಷ್ಟವನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಇರುತ್ತದೆ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ದಿನವೂ ಕೆಲಸ ಬಿದ್ದರೆ ಸ್ನಾಯುಗಳು ನಾಳೆಗೂ ಬೇಕಾದೀತೆಂದು ಈ ದಾಸ್ತಾನನ್ನು ಹೆಚ್ಚಿಸುತ್ತವೆ. 150 ಗ್ರಾಂ ಹೆಚ್ಚಾಯಿತು ಎಂದಿಟ್ಟುಕೊಳ್ಳಿ. ನೀರು 450 ಗ್ರಾಂ ಸೇರಿ ತೂಕ 600 ಗ್ರಾಂ ಮೇಲೇರಿತು. ಅದರಲ್ಲಿ ಕೊಬ್ಬು ಒಂದು ಚೂರೂ ಇಲ್ಲ. ಅನ್ನ ಬಿಟ್ಟವರು ಒಂದೇ ವಾರದಲ್ಲಿ ಎರಡು ಕಿಲೋ ಇಳಿದೆ ಎಂದು ಸಂಭ್ರಮಿಸುವುದೂ, ಒಂದು ಮದುವೆ ಊಟ ಮುಗಿಸಿದೊಡನೆ ಅದು ಮರಳಿ ಬರುವುದೂ ಇದೇ ನೀರಿನ ಲೆಕ್ಕದಿಂದ.

ರಕ್ತವೂ ಹೆಚ್ಚುತ್ತದೆ! ನಿಯಮಿತವಾಗಿ ಚುರುಕಾಗಿ ನಡೆಯುವವರಲ್ಲಿ, ಓಡುವವರಲ್ಲಿ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ, ಶೇ. 10ರ ಆಸುಪಾಸಿನಲ್ಲಿ ಹೆಚ್ಚುವುದುಂಟು. ದೊಡ್ಡವರ ಮೈಯಲ್ಲಿ ಪ್ಲಾಸ್ಮಾ ಸುಮಾರು 3 ಲೀಟರ್ ಇರುವುದರಿಂದ ಈ ಬಾಬತ್ತಿನಲ್ಲೇ 300 ಗ್ರಾಂ ಏರಿತು. ಹೃದಯಕ್ಕೆ ಇದರಿಂದ ಅನುಕೂಲವೇ. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡಬಲ್ಲದು. ನಮ್ಮ ಕರಾವಳಿ ಸೆಕೆಯಲ್ಲಿ ಮೈ ತಂಪಾಗಿಡಲು ಬೆವರಿಗೂ ನೀರು ಸಿಗುತ್ತದೆ.

ಮೈಕೈ ನೋವಿಗೂ ತೂಕವುಂಟು. ಅಭ್ಯಾಸವಿಲ್ಲದ ಕೆಲಸ ಬಿದ್ದಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಬಿರುಕು ಬೀಳುತ್ತದೆ. ಅದನ್ನು ಸರಿಪಡಿಸಲು ದೇಹ ಅಲ್ಲಿಗೆ ನೀರು, ರಕ್ತಕಣಗಳನ್ನು ಕಳಿಸುತ್ತದೆ, ಕಣ್ಣಿಗೆ ಕಾಣದಷ್ಟು ಬಾವು ಬರುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡೋರ್ ಹಾಫ್ 1902ರಲ್ಲೇ ಈ ತಡವಾದ ನೋವಿಗೆ ಸ್ನಾಯುವಿನೊಳಗಿನ ಬಿರುಕೇ ಕಾರಣ ಎಂದು ಬರೆದಿದ್ದರು. ಲ್ಯಾಕ್ಟಿಕ್ ಆಸಿಡ್ ಕಾರಣ ಎಂಬ ಜಿಮ್ ಮಾತು ನಿಜವಲ್ಲ, ಅದು ಒಂದೆರಡು ಗಂಟೆಯೊಳಗೆ ರಕ್ತದಿಂದ ತೊಲಗಿರುತ್ತದೆ. ನೋವು ಜೋರಾಗುವುದು ಒಂದರಿಂದ ಮೂರು ದಿನಗಳ ನಂತರ.

ಗುಡ್ಡ, ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಸ್ನಾಯುವಿಗೆ ಹೆಚ್ಚು ಪೆಟ್ಟು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಭಾನುವಾರ ಯೇವೂರು ಗುಡ್ಡಕ್ಕೋ ಬೇಲಾಪುರದ ಪಾರ್ಸಿಕ್ ಗುಡ್ಡಕ್ಕೋ ಮೊದಲ ಸಲ ಹೋಗಿಬಂದವರನ್ನು ಸೋಮವಾರ ಸ್ಟೇಷನ್ನಿನ ಸೇತುವೆಯಲ್ಲಿ ನೋಡಿ. ಹತ್ತುವಾಗ ಸರಿಯಾಗಿಯೇ ಹತ್ತುತ್ತಾರೆ. ಇಳಿಯುವಾಗ ಕಂಬಿ ಹಿಡಿದು, ಪಾದ ಅಡ್ಡಡ್ಡ ಇಟ್ಟು, ಮೆಟ್ಟಿಲಿಗೊಮ್ಮೆ ಹಲ್ಲು ಕಚ್ಚುತ್ತಾರೆ. ಆ ದಿನ ತೂಕ ನೋಡಲೇಬಾರದು.

ನಡೆದು ಬಂದ ಕೂಡಲೇ ಅರ್ಧ ಕಿಲೋ ಇಳಿದದ್ದು ಕಂಡರೆ ಅದೂ ಬೆವರಷ್ಟೇ. ನೀರು ಕುಡಿದರೆ ಮರಳಿತು. ಹಾಗಾದರೆ ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಮೂಗಿನಿಂದ ಹೊರಕ್ಕೆ! 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆಕ್ಕ ಕೊಟ್ಟರು: 10 ಕಿಲೋ ಕೊಬ್ಬು ಕರಗಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಲ್ಲಿ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ.

ಮೊದಲ ವಾರದಲ್ಲೇ ಸ್ನಾಯು ಕಿಲೋಗಟ್ಟಲೆ ಬೆಳೆಯುತ್ತದೆಯೇ? ಇಲ್ಲ. ಆಗ ಬರುವ ಶಕ್ತಿ ಹೆಚ್ಚಾಗಿ ನರಗಳ ಕಲಿಕೆಯದು. ಸ್ನಾಯು ಬೆಳೆಯಲು ತಿಂಗಳುಗಳು ಬೇಕು.

ಇನ್ನು ತಿನ್ನುವ ವಿಷಯ. 70 ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 140 ಕ್ಯಾಲೊರಿ. ಒಂದು ವಡಾಪಾವ್ ಹತ್ತಿರ ಹತ್ತಿರ 300. ಒಂದು ದೊಡ್ಡ ಚಮಚ ಎಣ್ಣೆಯೊಂದೇ 120. ನಡೆದು ಮುಗಿಸಿ ಗುಂಪಾಗಿ ಬನ್ಸ್, ಗೋಳಿಬಜೆ, ಇನ್ನೊಂದು ಕಾಫಿ ಎಂದು ಕೂತರೆ ಲೆಕ್ಕ ತಿರುವುಮುರುವು. ಆ ಗೆಳೆತನದ ಕೂಟ ಬಿಡಿ ಎಂದು ನಾನು ಹೇಳಲಾರೆ. ಊರಿಂದ ದೂರ ಬಂದು ನೆಲೆಸಿದವರಿಗೆ ಅದೂ ಆರೋಗ್ಯವೇ. ಎರಡು ಇಡ್ಲಿ ಚಟ್ನಿಗೂ ಆ ಮಾತುಕತೆ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ದೇಹವೂ ತನ್ನ ಕಡೆಯಿಂದ ಉಳಿತಾಯ ಮಾಡುತ್ತದೆ. ಬೆಳಗ್ಗೆ ನಡೆದವರು ಉಳಿದ ಹೊತ್ತು ತಮಗೇ ತಿಳಿಯದೆ ಹೆಚ್ಚು ಕೂರುತ್ತಾರೆ, ಲಿಫ್ಟ್ ಹತ್ತುತ್ತಾರೆ. ಟಾಂಜಾನಿಯಾದ ಹಡ್ಜಾ ಜನ ಬೇಟೆ, ಗೆಡ್ಡೆಗೆಣಸು ಅರಸುತ್ತ ದಿನವಿಡೀ ತಿರುಗುವವರು. ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈಗಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಅವರ ದಿನದ ಕ್ಯಾಲೊರಿ ಖರ್ಚು ಪಾಶ್ಚಾತ್ಯ ನಗರವಾಸಿಗಳಷ್ಟೇ ಇತ್ತು.

ನಿದ್ದೆ ಕಡಿದು ನಡೆಯಲು ಏಳುವವರಿಗೆ ಹಸಿವು ಹೆಚ್ಚೀತು. ನಮ್ಮಲ್ಲಿ ನಿದ್ದೆಗೆ ಹೊತ್ತು ಮೊದಲೇ ಕಡಿಮೆ. ಕಲ್ಯಾಣ್‌ನಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ 50 ಕಿ.ಮೀ.ಗಿಂತ ಹೆಚ್ಚು ದೂರ; ಲೋಕಲ್‌ನಲ್ಲಿ ನಿಂತು ಹೋಗಿ ಬರುವುದರಲ್ಲೇ ದಿನ ಕಳೆಯುತ್ತದೆ. ಹೋಟೆಲಿನವರ ಊಟವಾಗುವುದು ಗಲ್ಲಾ ಮುಚ್ಚಿದ ಮೇಲೆ, ನಡುರಾತ್ರಿ. 2004ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ನಿದ್ದೆ ಕೊಟ್ಟು ನೋಡಿದಾಗ ಹಸಿವು ಶೇ. 24ರಷ್ಟು ಹೆಚ್ಚಿತ್ತು, ಅದೂ ಸಿಹಿ, ಉಪ್ಪು, ಪಿಷ್ಟದ ತಿಂಡಿಗಳ ಮೇಲೆ. ರಾತ್ರಿ ಒಂದಕ್ಕೆ ಮಲಗುವವರು ಐದಕ್ಕೆ ಏಳಬೇಕೆಂದಿಲ್ಲ. ಸಂಜೆ ನಡೆದರೂ ಅದೇ ಫಲ.

ಒಂದೇ ತೂಕದ ಇಬ್ಬರು ಒಂದೇ ಅಲ್ಲ. ಪುಣೆಯ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಹಾಕಿದರು. ಇಬ್ಬರ ಬಿಎಂಐ ಕೂಡ 22.3. ಕೊಬ್ಬಿನ ಪ್ರಮಾಣ ಮಾತ್ರ ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2! ಭಾರತೀಯರು ತೆಳ್ಳಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಂಡಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನಾನು ಕಂಡಿಲ್ಲ. ನಮ್ಮವರಿಗೆ ತೂಕಕ್ಕಿಂತ ಸೊಂಟದ ಸುತ್ತಳತೆ ಮುಖ್ಯ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು.

ಟೇಪ್ ಹಿಡಿಯಬೇಕಾದ ಜಾಗ ಪ್ಯಾಂಟಿನ ಬೆಲ್ಟ್ ಕೂರುವಲ್ಲಿ ಅಲ್ಲ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟಾಗ ಅಳೆಯಬೇಕು. ಟೇಪ್ ಇಲ್ಲದಿದ್ದರೆ ಸೀರೆಯ ಲಂಗದ ಲಾಡಿಯೂ ಆದೀತು: ಮೊದಲ ದಿನ ಗಂಟು ಬಿದ್ದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಡಿ. ಎರಡು ತಿಂಗಳ ಮೇಲೆ ಗಂಟು ಎರಡು ಬೆರಳು ಒಳಗೆ ಸರಿದಿದ್ದರೆ, ತೂಕದ ಕಾಟಾ ಏನೇ ಹೇಳಲಿ, ಕೊಬ್ಬು ಇಳಿದಿದೆ.

ತೂಕ ನೋಡಲೇಬೇಕೆ? ಬೆಳಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು, ಅದೇ ಮೆಷಿನ್ನಿನ ಮೇಲೆ. ದಿನದಿಂದ ದಿನಕ್ಕೆ ಒಂದು ಕಿಲೋ ಆಚೀಚೆ ಆಗುವುದು ಸಹಜ. ಹಿಂದಿನ ದಿನದ ಹಪ್ಪಳ, ಉಪ್ಪಿನಕಾಯಿಯ ಉಪ್ಪು ನೀರನ್ನು ಹಿಡಿದಿಡುತ್ತದೆ, ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲೂ ತೂಕ ಏರುತ್ತದೆ. ಇಟಲಿಯ ಪಾದುವಾದಲ್ಲಿ ವೈದ್ಯ ಸಾಂಟೋರಿಯೊ ವರ್ಷಗಟ್ಟಲೆ ತಕ್ಕಡಿಗೆ ನೇತುಹಾಕಿದ ಕುರ್ಚಿಯಲ್ಲೇ ಕೂತು ತನ್ನ ತೂಕ, ತಿಂದದ್ದು, ಹೊರಹೋದದ್ದು ಎಲ್ಲವನ್ನೂ ಅಳೆದ. 1614ರಲ್ಲಿ ಅವನ ಪುಸ್ತಕ ಬಂತು. ತೂಕ ಗಳಿಗೆ ಗಳಿಗೆಗೂ ಬದಲಾಗುತ್ತದೆಂದು ಅವನಿಗೆ ಆಗಲೇ ತಿಳಿದಿತ್ತು.

ಜಿಮ್‌ನಲ್ಲಿ ಕ್ರಿಯಾಟಿನ್ ಪುಡಿ ಶುರುಮಾಡಿದವರಿಗೆ ಮೊದಲ ವಾರದಲ್ಲೇ ಒಂದು ಕಿಲೋದಷ್ಟು ಏರುವುದು ಮಾಮೂಲು. ಅದೂ ನೀರೇ.

ಎಲ್ಲ ಏರಿಕೆಯೂ ನಿರಪಾಯವಲ್ಲ, ಇದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ತೆಗೆಯಿರಿ. ಗುಳಿ ಬಿದ್ದು ಹಾಗೇ ಉಳಿದರೆ ಅದು ವ್ಯಾಯಾಮದ ನೀರಲ್ಲ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟಿದಂತಾದರೆ ಹೃದಯದ್ದೋ ಮೂತ್ರಪಿಂಡದ್ದೋ ತೊಂದರೆ ಇರಬಹುದು, ಕೂಡಲೇ ವೈದ್ಯರಿಗೆ ತೋರಿಸಬೇಕು. ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು ಜೊತೆಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಇನ್ಸುಲಿನ್, ಪಿಯೋಗ್ಲಿಟಜೋನ್, ಸ್ಟೀರಾಯ್ಡ್‌ಗಳಿಂದ ತೂಕ ಏರಬಹುದು. ಬಿಪಿಯ ಅಮ್ಲೋಡಿಪಿನ್‌ನಿಂದ ಪಾದ ಊದಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸದೆ ವೈದ್ಯರನ್ನು ಕೇಳಿ. ಮಿತಿಮೀರಿ ವ್ಯಾಯಾಮ ಮಾಡಿದ ಮರುದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ, ಸ್ನಾಯು ಬಿಗಿದು ಊದಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಒಡೆದ ಸ್ನಾಯುವಿನ ಅಂಶ ಮೂತ್ರಪಿಂಡವನ್ನು ಕೆಡಿಸಬಲ್ಲದು.

ಕೊನೆಗೆ, ಲ್ಯಾಬಿನ ಒಂದು ಸಂಗತಿ. ಪ್ಲಾಸ್ಮಾ ಹೆಚ್ಚಿದ ದಿನಗಳಲ್ಲಿ ಹಿಮೋಗ್ಲೋಬಿನ್ ತುಸು ಕಡಿಮೆ ಕಾಣಬಹುದು, ಕಣಗಳು ತಗ್ಗಿದ್ದರಿಂದಲ್ಲ, ರಕ್ತ ತೆಳುವಾದ್ದರಿಂದ. ಭಾರ ಎತ್ತುವ ಅಭ್ಯಾಸವಿಲ್ಲದವರು ಒಮ್ಮೆ ಜೋರಾಗಿ ಎತ್ತಿದರೆ ಯಕೃತ್ತಿನ ಪರೀಕ್ಷೆಯ ಎಎಸ್‌ಟಿ, ಎಎಲ್‌ಟಿ ಅಂಕಿಗಳು ವಾರದವರೆಗೂ ಏರಿದ್ದು, ಯಕೃತ್ತಿಗೆ ಏನೋ ಆಗಿದೆ ಎಂಬ ಭಯ ಹುಟ್ಟಿಸುತ್ತವೆ. ಈ ಕಿಣ್ವಗಳು ಸ್ನಾಯುವಿನಲ್ಲೂ ಇವೆ. ವಾರ್ಷಿಕ ತಪಾಸಣೆಗೆ ಮುಂಚಿನ ವಾರ ಭಾರ ಎತ್ತುವುದನ್ನು ನಿಲ್ಲಿಸಿ, ವ್ಯಾಯಾಮ ಎಂದಿನಿಂದ ಶುರುಮಾಡಿದಿರಿ ಎಂಬುದನ್ನು ವೈದ್ಯರಿಗೆ ಹೇಳಿ.