ಉಳವಿಯ ಯೆಜ್ಡಿ: ಮಾರೋದಾ, ಇಟ್ಕೊಳ್ಳೋದಾ?

ಉಳವಿ ಅಂದ ಕೂಡಲೇ ಬಹಳ ಜನ ಚೆನ್ನಬಸವಣ್ಣನವರ ಉಳವಿ ಅಂದ್ಕೋತಾರೆ. ಅದು ಉತ್ತರ ಕನ್ನಡದ ಜೋಯಿಡಾ ಕಡೇದು. ನಾವು ಹೇಳ್ತಿರೋದು ಸೊರಬ ತಾಲೂಕಿನ ಉಳವಿ. ನಮ್ಮ ಕ್ಲಾಸಿನ ಗೆಳೆಯನ ಊರು. ಕಳೆದ ರಜೆಯಲ್ಲಿ ನಾಲ್ಕು ಜನ ಅಲ್ಲಿಗೆ ಹೋಗಿದ್ದೆವು. ಕೊಟ್ಟಿಗೆಯ ಪಕ್ಕ, ಅಡಿಕೆ ಚೀಲಗಳ ಹಿಂದೆ, ಗೋಣಿತಾಟು ಹೊದ್ದುಕೊಂಡು ಒಂದು ಬೈಕ್ ನಿಂತಿತ್ತು. 1983ರ ಯೆಜ್ಡಿ ರೋಡ್‌ಕಿಂಗ್. ಗೆಳೆಯನ ಅಪ್ಪ ಮದುವೆಗೆ ಮುಂಚೆ ಕೊಂಡಿದ್ದು.

ಬೆಂಗಳೂರಿಂದ ಒಬ್ಬರು ಬಂದು ನೋಡಿಕೊಂಡು ಹೋಗಿದ್ದಾರೆ. ಹೊಸ ಬೈಕಿನ ಬೆಲೆಗೆ ಹತ್ತಿರದ ಮೊತ್ತ ಹೇಳಿದ್ದಾರೆ. ಗೆಳೆಯನ ಫೀಸು ಕಟ್ಟೋ ಸಮಯ ಬೇರೆ. ಅವತ್ತು ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಶುರುವಾದ ಚರ್ಚೆ ಹನ್ನೆರಡಾದರೂ ಮುಗಿಯಲಿಲ್ಲ. ಈಗಲೇ ಮಾರಬೇಕಾ, ಇನ್ನೂ ಹತ್ತು ವರ್ಷ ಇಟ್ಟರೆ ಬೆಲೆ ಏರುತ್ತಾ, ಇಳಿಯುತ್ತಾ?

ಮೊದಲು ಈ ಬೈಕಿನ ಹಿನ್ನೆಲೆ. ಜಾವಾ ಅನ್ನೋದು ಜೆಕ್ ಕಂಪನಿ, 1929ರದ್ದು. ಯಾನೆಚೆಕ್ ಮತ್ತು ವಾಂಡರರ್ ಅನ್ನೋ ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯ್ತು. ಅದನ್ನು ಇಲ್ಲಿ ತಯಾರಿಸೋಕೆ 1960ರ ಆಸುಪಾಸಿನಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹುಟ್ಟಿಕೊಂಡಿತು. 70ರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು. ರೋಡ್‌ಕಿಂಗ್ ಬಂದಿದ್ದು 1978ರಲ್ಲಿ. 1996ಕ್ಕೆ ಕಾರ್ಖಾನೆ ಬಾಗಿಲು ಹಾಕಿತು. ಈಗ ಜಾವಾ, ಯೆಜ್ಡಿ ಹೆಸರಿನ ಬೈಕುಗಳು ಮತ್ತೆ ರಸ್ತೆಗೆ ಬಂದಿವೆ, ಆದರೆ ಅವು ಫೋರ್‌ಸ್ಟ್ರೋಕ್, ಬೇರೆಯದೇ ಯಂತ್ರ. ಹಾಗಾಗಿ ಮೈಸೂರಿನ ಟೂಸ್ಟ್ರೋಕ್ ಯೆಜ್ಡಿ ಎಷ್ಟಿದೆಯೋ ಅಷ್ಟೇ. ಇನ್ನು ಕಡಿಮೆ ಆಗುತ್ತೆ ಹೊರತು ಹೆಚ್ಚಾಗಲ್ಲ.

‘ಕಡಿಮೆ ಆದಷ್ಟೂ ಬೆಲೆ ಜಾಸ್ತಿ, ಇಷ್ಟೇ ಅಲ್ವಾ?’ ಅಂದ ನಮ್ಮಲ್ಲೊಬ್ಬ. ಅಷ್ಟು ಸುಲಭ ಇಲ್ಲ. ಅಪರೂಪದ ವಸ್ತುವನ್ನು ಬೇಕು ಅನ್ನೋರೂ ಇರಬೇಕು. ಇದಕ್ಕೆ ಅಮೆರಿಕದ ಮಸಲ್ ಕಾರುಗಳ ಕಥೆ ಒಳ್ಳೇ ಪಾಠ. 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ವಿ8 ಎಂಜಿನ್ ಹಾಕಿ ಜಿಟಿಒ ಅಂತ ಮಾರಿತು. ಸಾಧಾರಣ ಮೈ, ದೈತ್ಯ ಎಂಜಿನ್, ಹುಡುಗರ ಕೈಗೆ ಎಟಕುವ ಬೆಲೆ. ಆಮೇಲೆ ಹೊಗೆಯ ಕಾನೂನು ಬಂತು, ವಿಮೆ ದುಬಾರಿ ಆಯ್ತು, 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಅದೇ ಕಾರುಗಳು ಯಾರಿಗೂ ಬೇಡದ ಪೆಟ್ರೋಲ್ ಕುಡುಕರಾದವು. ಆ ಕಾಲದ ಹುಡುಗರು ದುಡಿದು ಐವತ್ತು ದಾಟಿದ ಮೇಲೆ ಮತ್ತೆ ಹುಡುಕಿಕೊಂಡು ಬಂದರು. 2014ರಲ್ಲಿ 1971ರ ಒಂದು ಹೆಮಿ ಕುಡಾ ಕನ್ವರ್ಟಿಬಲ್ 35 ಲಕ್ಷ ಡಾಲರಿಗೆ ಹರಾಜಾಯ್ತು. ಈಗ ಅಲ್ಲಿನವರ ಚಿಂತೆಯೇ ಬೇರೆ. ಆ ತಲೆಮಾರು ಹೋದ ಮೇಲೆ ಇವನ್ನು ಯಾರು ಕೊಳ್ತಾರೆ?

ನಮ್ಮಲ್ಲೂ ಇದೇ ನಡೆದಿದೆ. 1983ರಲ್ಲಿ ಎಸ್ಕಾರ್ಟ್ಸ್‌ನವರು ತಂದ ರಾಜದೂತ್ 350 ನಿಜವಾದ ಅರ್ಥದಲ್ಲಿ ನಮ್ಮ ಮಸಲ್ ಬೈಕ್. ಎರಡು ಸಿಲಿಂಡರ್, 347 ಸಿಸಿ. ಬೆಲೆ ಜಾಸ್ತಿ, ಮೈಲೇಜ್ ಇಲ್ಲ ಅಂತ ಜನ ದೂರ ಇಟ್ಟರು. ಈಗ ಅದನ್ನೇ ಹುಡುಕ್ತಾರೆ. 1985ರಿಂದ 1996ರ ತನಕ ಬಂದ ಯಮಹಾ ಆರ್‌ಎಕ್ಸ್ 100 ಬಗ್ಗೆ ನಿಮಗೆ ಹೇಳೋದೇ ಬೇಡ.

ಬೆಲೆಯ ಹಿಂದಿನ ಎಂಜಿನಿಯರಿಂಗ್ ಸ್ವಲ್ಪ ನೋಡೋಣ. ಆರ್‌ಎಕ್ಸ್‌ನ ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ. ಲೆಕ್ಕ ಹಾಕಿ, 98 ಸಿಸಿ ಬರುತ್ತೆ. ಅದರಲ್ಲಿ 11 ಅಶ್ವಶಕ್ತಿ. ಅಂದರೆ ಲೀಟರಿಗೆ 110ಕ್ಕೂ ಹೆಚ್ಚು. ಯೆಜ್ಡಿಯದು 65 ಮತ್ತು 75, ಸುಮಾರು 249 ಸಿಸಿ, ರೋಡ್‌ಕಿಂಗ್‌ಗೆ 16 ಅಶ್ವಶಕ್ತಿ. ಲೀಟರಿಗೆ 64 ಮಾತ್ರ. ಆದರೆ ಉದ್ದ ಸ್ಟ್ರೋಕ್ ಇರೋದ್ರಿಂದ ಕಡಿಮೆ ಆರ್‌ಪಿಎಂನಲ್ಲೇ ಎಳೀತದೆ. ಹಿಂದೆ ಎರಡು ಅಡಿಕೆ ಚೀಲ ಕಟ್ಟಿಕೊಂಡು ಏರು ಹತ್ತೋಕೆ ಅದೇ ಬೇಕಿತ್ತು. ಕಿಕ್ ಹೊಡೆಯೋ ಲಿವರನ್ನೇ ಮಡಚಿದರೆ ಗೇರ್ ಲಿವರ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಇಂಥ ವಿಚಿತ್ರಗಳೇ ನೆನಪಲ್ಲಿ ಉಳಿಯೋದು.

ಟೂಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಪವರ್ ಸ್ಟ್ರೋಕ್. ಫೋರ್‌ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು. ಆ ಚುರುಕು ಬರೋದು ಅಲ್ಲಿಂದ. ಆದರೆ ಹೊಸ ಮಿಶ್ರಣ ಒಳಗೆ ಬರುವಾಗಲೇ ಸುಟ್ಟ ಹೊಗೆ ಹೊರಗೆ ಹೋಗೋದ್ರಿಂದ ಒಂದಿಷ್ಟು ಪೆಟ್ರೋಲ್ ಸುಡದೆ ಸೈಲೆನ್ಸರ್ ದಾಟಿ ಹೋಗುತ್ತೆ. ಜೊತೆಗೆ ಎಣ್ಣೆಯೂ ಸುಡುತ್ತೆ. ಹೊಗೆಯ ನಿಯಮ 1996ರಲ್ಲಿ, ಮತ್ತೆ 2000ದಲ್ಲಿ ಬಿಗಿಯಾದಾಗ ಟೂಸ್ಟ್ರೋಕ್ ಬೈಕುಗಳಿಗೆ ಜಾಗ ಇಲ್ಲದಂತಾಗಿದ್ದು ಇದಕ್ಕೇ.

ಮರುದಿನ ಶಿಕಾರಿಪುರದಿಂದ ಒಬ್ಬ ಹಳೇ ಮೇಸ್ತ್ರಿಯನ್ನು ಕರೆಸಿದೆವು. ಕಿಕ್ ಹೊಡೀಬೇಕು ಅಂತ ನಾವು ಕಾಲೆತ್ತಿದ್ದೇ ತಡ, ‘ಹೊಡೀಬ್ಯಾಡ್ರೋ ಮಾರಾಯ್ರಾ!’ ಅಂತ ತಡೆದರು. ವರ್ಷಗಟ್ಟಲೆ ನಿಂತ ಟೂಸ್ಟ್ರೋಕ್‌ನಲ್ಲಿ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲು ಗಟ್ಟಿಯಾಗಿ ಬಿರಿದಿರುತ್ತೆ. ಅಲ್ಲಿಂದ ಗಾಳಿ ಒಳಗೆ ಎಳೆದರೆ ಮಿಶ್ರಣ ತೆಳುವಾಗಿ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತೆ. ಟ್ಯಾಂಕಿನ ತಳದಲ್ಲಿ ನೀರು, ತುಕ್ಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರ ತನಕ ಎಥನಾಲ್ ಇರುತ್ತೆ. ಅದು ತೇವ ಹೀರುತ್ತೆ, ಹಳೇ ರಬ್ಬರ್ ಪೈಪನ್ನು ಹಾಳು ಮಾಡುತ್ತೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಟ್ಯಾಂಕು ತುಂಬಿಸಿ ಗಾಡಿ ಮೂಲೆಗಿಟ್ಟರೆ ಕೆಟ್ಟಂತೆಯೇ. ಸುಮ್ಮನೆ ಇಟ್ಟರೆ ಬೆಲೆ ಏರುತ್ತೆ ಅನ್ನೋ ವಾದ ಅಲ್ಲೇ ಅರ್ಧ ಬಿದ್ದುಹೋಯ್ತು.

ಇನ್ನರ್ಧ ಕಾಗದದ ಮಾತು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಈ ಯೆಜ್ಡಿಯ ಆರ್‌ಸಿ 2018ಕ್ಕೇ ಮುಗಿದಿದೆ. ಇನ್ನೊಂದು ದಾರಿಯೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿಸ್, ಮೈ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಅಕ್ಷರ. ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ ಇಂಥದ್ದಕ್ಕೆ ಮಾತ್ರ. ನಮ್ಮ ಗಾಡಿಗೆ 50 ತುಂಬೋದು 2033ಕ್ಕೆ. ಅಲ್ಲಿ ತನಕ ‘ಚೆಂದ ಮಾಡ್ತೀವಿ’ ಅಂತ ಅಲಾಯ್ ಚಕ್ರ, ಬೇರೆ ಸೈಲೆನ್ಸರ್, ಬೇರೆ ಎಂಜಿನ್ ಹಾಕಿದರೆ ಮೂಲರೂಪ ಹೋಗುತ್ತೆ, ಬೆಲೆಯೂ ಹೋಗುತ್ತೆ. ಎಂಜಿನ್ ನಂಬರು, ಚಾಸಿಸ್ ನಂಬರು ಆರ್‌ಸಿಗೆ ತಾಳೆಯಾಗದ ಗಾಡಿಯನ್ನು ತಿಳಿದವರು ಮುಟ್ಟಲ್ಲ.

ಹಾಗಾದರೆ ನಮ್ಮ ತಲೆಮಾರಿಗೆ ಇದು ಬೇಕಾಗುತ್ತಾ? ನಮ್ಮಲ್ಲಿ ಒಡಕಿದೆ. ಒಬ್ಬನ ಪ್ರಕಾರ ಎಲೆಕ್ಟ್ರಿಕ್ ಬಂದ ಮೇಲೆ ಇದು ಗ್ರಾಮಫೋನ್ ಇದ್ದಂಗೆ, ನಾಲ್ಕು ಜನ ಶೋಕಿಗೆ ಇಟ್ಕೋತಾರೆ ಅಷ್ಟೇ. ಇನ್ನೊಬ್ಬನ ಮಾತು ಬೇರೆ. ಇವತ್ತಿನ ಗಾಡಿಯ ಇಸಿಯು ಕೆಟ್ಟು, ಕಂಪನಿ ಅದನ್ನು ಮಾಡೋದು ನಿಲ್ಲಿಸಿದರೆ ಗಾಡಿ ಸತ್ತಂತೆ. ಯೆಜ್ಡಿಯ ಪಾಯಿಂಟ್, ಕಂಡೆನ್ಸರ್, ಕಾರ್ಬುರೇಟರ್ ಕಣ್ಣಿಗೆ ಕಾಣುತ್ತೆ, ಸ್ಪ್ಯಾನರಿಗೆ ಸಿಗುತ್ತೆ. ಬುಷ್ ಬೇಕಂದರೆ ಲೇತಿನಲ್ಲಿ ಮಾಡಿಕೊಳ್ಳಬಹುದು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷ ಆದ ಮೇಲೂ ಇವು ಓಡ್ತಿರೋದು ಅದಕ್ಕೇ.

ನಮಗೆ ಅನ್ನಿಸಿದ್ದು ಇಷ್ಟು. ಹಳೇ ಯಂತ್ರ ಉಳಿಯೋಕೆ ನಾಲ್ಕು ಬೇಕು: ನೆನಪು, ಕಾಗದ, ಬಿಡಿಭಾಗ, ರಿಪೇರಿ ಗೊತ್ತಿರೋ ಕೈ. ನೆನಪು ಅಪ್ಪನ ಕಾಲಕ್ಕೆ ಮುಗಿಯುತ್ತೆ, ಅದನ್ನು ತಡೆಯೋಕೆ ಆಗಲ್ಲ. ಉಳಿದ ಮೂರೂ ನಮ್ಮ ಕೈಯಲ್ಲಿವೆ. ನಾವು ಕಲಿಯೋದೂ ಅದನ್ನೇ ಅಲ್ವಾ? ಇವು ಮೂರು ಇಲ್ಲದಿದ್ದರೆ ಎಷ್ಟೇ ಅಪರೂಪವಾದರೂ ಗಾಡಿ ತೂಕದ ಲೆಕ್ಕಕ್ಕೆ ಗುಜರಿಗೆ ಹೋಗುತ್ತೆ. ಬೆಲೆ ಏರುತ್ತೆ ಅಂತ ಮಾತ್ರ ಇಟ್ಟುಕೊಳ್ಳೋದಾದರೆ ಇವತ್ತೇ ಮಾರೋದು ಜಾಣತನ. ಕಲಿಯೋಕೆ, ಓಡಿಸೋಕೆ ಅಂತಾದರೆ ಇಟ್ಕೊಳ್ಳೋದರಲ್ಲಿ ಅರ್ಥ ಇದೆ.

ಇದನ್ನೆಲ್ಲ ಗೆಳೆಯನ ಅಪ್ಪನ ಮುಂದೆ ಹೇಳಿದೆವು. ಅವರು ಸುಮ್ಮನೆ ಕೇಳಿ, ‘ನಿಮ್ಮ ಲೆಕ್ಕ ಸರಿ ಇರಬಹುದು ಹುಡುಗ್ರಾ. ಆದ್ರೆ ಇವನ ಫೀಸು ಈ ವರ್ಷದ್ದು, ನಿಮ್ಮ ವಿಂಟೇಜು 2033ರದ್ದು’ ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಬೆಂಗಳೂರಿನವರಿಗೆ ಫೋನ್ ಮಾಡಿ ದೀಪಾವಳಿ ತನಕ ಸಮಯ ಕೇಳಿದ್ದಾರೆ. ಅಷ್ಟರಲ್ಲಿ ಮೇಸ್ತ್ರಿ ಜೊತೆ ಕೂತು ನಾವು ಎಂಜಿನ್ ಬಿಚ್ಚಿ, ಪ್ರತಿ ಭಾಗದ ಅಳತೆ ಬರೆದು, ಸೀಲು ಬದಲಿಸಿ ಸ್ಟಾರ್ಟ್ ಮಾಡಬೇಕು. ಮಾರಿದರೂ ಓಡೋ ಗಾಡಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತೆ. ಮಾರದಿದ್ದರೆ ಮೊದಲ ರೌಂಡು ಅಪ್ಪನದು ಅಂತ ಆಗಲೇ ತೀರ್ಮಾನ ಆಗಿದೆ.

ನಿಮ್ಮ ಮನೆಯ ಹಿತ್ತಲಲ್ಲೂ ಇಂಥದ್ದೊಂದು ನಿಂತಿದ್ದರೆ ಮೊದಲು ಎರಡು ಕೆಲಸ ಮಾಡಿ: ಆರ್‌ಸಿ ಹುಡುಕಿ ಇಡಿ, ಟ್ಯಾಂಕು ಖಾಲಿ ಮಾಡಿ. ಕಿಕ್ ಮಾತ್ರ ಹೊಡೀಬೇಡಿ.