ಡಿಸ್ಕ್ ಮೇಲೆ ಬಂದ ಆಪಾದನೆ

ಸೊಂಟ ಹಿಡಿದುಕೊಂಡಿತೆಂದರೆ ಮೊದಲು ಕೇಳುವ ಮಾತು ‘ಡಿಸ್ಕ್ ಜಾರಿರಬೇಕು’. ಅದರ ಬೆನ್ನಿಗೇ ಬರುವ ಸಲಹೆ ‘ಹಲಗೆ ಮೇಲೆ ಮಲಗಿ, ಏಳಬೇಡಿ’. ಮೊದಲ ಮಾತಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಎರಡನೆಯದು ತಪ್ಪೆಂದು ವೈದ್ಯಲೋಕಕ್ಕೆ ಗೊತ್ತಾಗಿ ಮೂರು ದಶಕ ಕಳೆದಿದೆ.

ಸೊಂಟದಿಂದ ಕಾಲಿಗೆ ಇಳಿಯುವ ನೋವು ಕೀಲಿನದ್ದಷ್ಟೇ ಅಲ್ಲ, ನರದ್ದೂ ಆಗಿರಬಹುದು ಎಂದು 1764ರಲ್ಲೇ ನೇಪಲ್ಸ್‌ನ ವೈದ್ಯ ಡೊಮೆನಿಕೊ ಕೊಟುನ್ಯೊ ಬರೆದಿದ್ದ. ಆದರೆ ಆ ನರವನ್ನು ಕೆರಳಿಸುವುದು ಯಾವುದು? ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಒಮ್ಮೊಮ್ಮೆ ನರವನ್ನು ಒತ್ತುವ ಮೆತ್ತನೆಯ ಗಂಟು ಸಿಗುತ್ತಿತ್ತು. ಅದನ್ನು ಗೆಡ್ಡೆಯೆಂದೇ ತಿಳಿದು ತೆಗೆಯುತ್ತಿದ್ದರು. ಬಾಸ್ಟನ್ನಿನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ ಅಂಥ ಗಂಟುಗಳನ್ನು ಮತ್ತೆ ಪರೀಕ್ಷಿಸಿದರು. ಅವು ಗೆಡ್ಡೆಗಳಲ್ಲ, ಕಶೇರುಗಳ ನಡುವಿನ ಡಿಸ್ಕ್ ಒಡೆದು ಹೊರಬಂದ ತುಣುಕುಗಳು ಎಂದು 1934ರಲ್ಲಿ ಪ್ರಕಟಿಸಿದರು.

ಶೋಧ ಸರಿಯಾಗಿಯೇ ಇತ್ತು, ಕಾಲಿಗೆ ಹರಿಯುವ ನೋವಿನ ಮಟ್ಟಿಗೆ. ಆದರೆ ಬರಬರುತ್ತಾ ಬರೀ ಸೊಂಟ ನೋವಿನ ಹೊಣೆಯೂ ಡಿಸ್ಕ್ ತಲೆಗೇ ಬಂತು. ಶಸ್ತ್ರಚಿಕಿತ್ಸೆಗಳು ಹೆಚ್ಚಿದವು. ಉಳಿದವರಿಗೆ, ಮುರಿದ ಮೂಳೆಗೆ ಹೇಳುವಂತೆಯೇ, ವಾರಗಟ್ಟಲೆ ಹಾಸಿಗೆ ವಿಶ್ರಾಂತಿ.

ಆ ವಿಶ್ರಾಂತಿಯನ್ನು ಒರೆಗೆ ಹಚ್ಚಿದ್ದು ಅಮೆರಿಕದ ವೈದ್ಯ ರಿಚರ್ಡ್ ಡೇಯೊ ಮತ್ತು ಸಂಗಡಿಗರು. ಟೆಕ್ಸಾಸ್‌ನಲ್ಲಿ 203 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಿರಲು ಹೇಳಿದರು. ಫಲಿತಾಂಶ ಬಂದದ್ದು 1986ರಲ್ಲಿ. ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಲಸ ತಪ್ಪಿದ ದಿನಗಳು ಮಾತ್ರ ಎರಡು ದಿನದ ಗುಂಪಿನಲ್ಲಿ ಶೇ 45ರಷ್ಟು ಕಡಿಮೆ. 1995ರಲ್ಲಿ ಹೆಲ್ಸಿಂಕಿಯ ಪ್ರಯೋಗ ಇನ್ನೂ ಮುಂದೆ ಹೋಯಿತು: ಮಲಗಿದವರಿಗಿಂತ, ವ್ಯಾಯಾಮ ಹೇಳಿಸಿಕೊಂಡವರಿಗಿಂತ, ನೋವು ತಾಳಿಕೊಳ್ಳುವಷ್ಟು ಎಂದಿನಂತೆ ಓಡಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರು.

ಈ ನಡುವೆ ಡಿಸ್ಕ್ ಮೇಲಿನ ಆಪಾದನೆಯೂ ಸಡಿಲಾಗತೊಡಗಿತ್ತು. 1994ರಲ್ಲಿ ಅಮೆರಿಕದ ಸಂಶೋಧಕರು ಬೆನ್ನು ನೋವೇ ಇಲ್ಲದ 98 ಮಂದಿಯ ಎಂಆರ್‌ಐ ತೆಗೆದರು. ಅವರಲ್ಲಿ ಶೇ 52 ಮಂದಿಗೆ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಶೇ 36 ಮಾತ್ರ. ವಯಸ್ಸಾದಂತೆ ಡಿಸ್ಕ್ ನೀರಿನಂಶ ಕಳೆದುಕೊಂಡು ಸವೆಯುತ್ತದೆ, ಕೂದಲು ನೆರೆತಂತೆ. ಫಿನ್ಲೆಂಡಿನ ಅವಳಿ ಸೋದರರ ಅಧ್ಯಯನವಂತೂ ಈ ಸವೆತದಲ್ಲಿ ಹೊತ್ತ ಭಾರಕ್ಕಿಂತ ವಂಶದ ಪಾಲೇ ದೊಡ್ಡದು ಎಂದು ತೋರಿಸಿತು.

ಹಾಗಾದರೆ ನೋವು ಎಲ್ಲಿಂದ? ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯಲ್ಲಿ ಇಂಥದ್ದೇ ಜಾಗ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಸ್ನಾಯು, ಅಸ್ಥಿರಜ್ಜು, ಸಣ್ಣ ಕೀಲು, ಡಿಸ್ಕ್, ಎಲ್ಲಕ್ಕೂ ಪಾಲಿರಬಹುದು. ಇವುಗಳ ಜೊತೆಗೆ ಬೊಜ್ಜು, ಧೂಮಪಾನ, ನಿದ್ದೆಗೇಡು, ಖಿನ್ನತೆ, ಬಗ್ಗಿದರೆ ಏನೋ ಮುರಿದೀತೆಂಬ ಭಯ. ನೋವು ಹಳತಾಗಿ ಉಳಿಯಲು ಮನಸ್ಸು, ಮನೆ, ಕೆಲಸದ ಜಾಗವೂ ಕಾರಣ ಎಂದು ಸ್ಕಾಟ್ಲೆಂಡಿನ ವೈದ್ಯ ಗಾರ್ಡನ್ ವಾಡೆಲ್ 1987ರಲ್ಲೇ ವಾದಿಸಿದ್ದರು.

ಇದೆಲ್ಲ ಕೇಳಿ ಎಲ್ಲ ನೋವನ್ನೂ ಹಗುರವಾಗಿ ಕಾಣುವಂತಿಲ್ಲ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಗಳ ಸಂದಿ ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿಕೆ, ಬಿದ್ದ ಪೆಟ್ಟು, ಹಿಂದೆ ಕ್ಯಾನ್ಸರ್ ಇದ್ದದ್ದು, ಇವನ್ನೂ ವೈದ್ಯರಿಗೆ ಹೇಳಬೇಕು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವೂ ಹೀಗೆ ಶುರುವಾಗುವುದುಂಟು.

2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಮಂದಿಗೆ ಸೊಂಟ ನೋವಿತ್ತೆಂಬ ಅಂದಾಜಿದೆ. ಹಳೆಯ ಸೊಂಟ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮಾರ್ಗಸೂಚಿ ಹೊರಡಿಸಿತು. ವಾಡಿಕೆಯಾಗಿ ಕೊಡಬಾರದವುಗಳ ಪಟ್ಟಿಯಲ್ಲಿ ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ ಇದೆ, ನಮ್ಮ ಔಷಧ ಅಂಗಡಿಗಳಲ್ಲಿ ಸಲೀಸಾಗಿ ಸಿಗುವ ಸೊಂಟದ ಬೆಲ್ಟೂ ಇದೆ. ಕೊಡಬಹುದಾದವುಗಳಲ್ಲಿ ವ್ಯಾಯಾಮವಿದೆ, ಮನೋಚಿಕಿತ್ಸೆಯಿದೆ, ಜೊತೆಗೆ ರೋಗಿಗೆ ನೋವಿನ ಬಗ್ಗೆ ಬಿಡಿಸಿ ಹೇಳುವ ತಿಳಿವಳಿಕೆಯೂ ಇದೆ. ಬೆಲ್ಟ್ ಬರೆದುಕೊಡಲು ಒಂದು ನಿಮಿಷ ಸಾಕು. ತಿಳಿವಳಿಕೆ ಹೇಳಲು ವೈದ್ಯರು ರೋಗಿಯೆದುರು ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ.