ನಾರಂಗವಾಲ್‌ನಿಂದ ನಮ್ಮ ಮನೆ ಬಾಗಿಲಿಗೆ

ಕಳೆದ ಮಳೆಗಾಲದಲ್ಲಿ ನನ್ನ ಮಗಳು ಬಾಣಂತನಕ್ಕೆಂದು ಊರಿಗೆ ಬಂದಿದ್ದಳು. ಕೂಸಿಗೆ ಹದಿನಾಲ್ಕು ದಿನ ತುಂಬಿದ ಬೆಳಿಗ್ಗೆ ನಮ್ಮೂರಿನ ಆಶಾ ಕಾರ್ಯಕರ್ತೆ ಗುಲಾಬಿ ಸೀರೆಯುಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಬಂದರು. ಬಂದವರೇ ಸೋಪು ಹಚ್ಚಿ ಕೈ ತೊಳೆದರು. ಮಗುವನ್ನು ಜೋಳಿಗೆಯಲ್ಲಿಟ್ಟು ತೂಗಿದರು, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು. ಎರಡು ದಿನದಿಂದ ಮೂಗು ಕಟ್ಟಿದೆ ಎಂದು ಮಗಳು ಹೇಳಿದಾಗ ಕೂಸಿನ ಅಂಗಿ ಮೇಲೆತ್ತಿ, ಹೊಟ್ಟೆಯನ್ನೇ ದಿಟ್ಟಿಸುತ್ತ, ಕೈಗಡಿಯಾರ ಹಿಡಿದು ಸುಮ್ಮನೆ ಕುಳಿತುಬಿಟ್ಟರು. ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಏನಮ್ಮಾ ಅದು, ಮಂತ್ರ ಹಾಕ್ತಿದ್ದೀಯಾ?" ಎಂದಳು ಎಂಬತ್ತರ ಹತ್ತಿರದ ನಮ್ಮಮ್ಮ.

"ಉಸಿರು ಎಣಿಸ್ತಿದೀನಿ ಅಜ್ಜಿ. ನಿಮಿಷಕ್ಕೆ ಅರವತ್ತು ಮುಟ್ಟಿದ್ರೆ ಆಸ್ಪತ್ರೆಗೆ ಹೊರಡಬೇಕು. ಪುಟ್ಟಿಗೆ ನಲವತ್ನಾಲ್ಕೇ ಇದೆ, ಏನೂ ತೊಂದ್ರೆ ಇಲ್ಲ."

ಆಕೆ ಹೋದಮೇಲೆ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಹೇಳಿದಳು: "ಅವತ್ತು ಯಾರಾದ್ರೂ ಹೀಗೆ ಎಣಿಸೋರು ಇದ್ದಿದ್ರೆ ನಿನ್ನ ತಮ್ಮ ಉಳೀತಿದ್ನೋ ಏನೋ."

ನನಗೊಬ್ಬ ತಮ್ಮನಿದ್ದ. 1974ರ ಮಳೆಗಾಲದಲ್ಲಿ, ಐದು ತಿಂಗಳ ಕೂಸಾಗಿದ್ದಾಗ, ಮೂರು ದಿನ ಕೆಮ್ಮಿ ಮೇಲುಸಿರು ಬಂದು ತೀರಿಕೊಂಡ. ನಾನಾಗ ನಾಲ್ಕು ವರ್ಷದ ಹುಡುಗ. ಅಂಗಳದ ಕೆಸರು, ಮನೆ ತುಂಬ ಜನ, ಇಷ್ಟೇ ನೆನಪು. ಆಸ್ಪತ್ರೆ ಹದಿನಾಲ್ಕು ಕಿಲೋಮೀಟರ್ ದೂರ. ದಿನಕ್ಕೆರಡೇ ಬಸ್ಸು. ಹಾಗೆಂದು ಮದ್ದೇ ಇಲ್ಲದ ಕಾಲವೇನೂ ಅದಲ್ಲ. ಪೆನಿಸಿಲಿನ್ ಬಳಕೆಗೆ ಬಂದು ಮೂವತ್ತು ವರ್ಷಗಳಾಗಿದ್ದವು. ಮದ್ದಿಗೂ ಮಗುವಿಗೂ ನಡುವೆ ಹದಿನಾಲ್ಕು ಕಿಲೋಮೀಟರ್ ಇತ್ತು, ಅಷ್ಟೇ.

ಆ ಅಂತರವನ್ನು ಇಲ್ಲವಾಗಿಸುವ ಬಗೆ ಹೇಗೆಂದು ಅದೇ ಹೊತ್ತಿಗೆ ಪಂಜಾಬಿನ ಕೆಲವು ಹಳ್ಳಿಗಳಲ್ಲಿ ಕಂಡುಕೊಂಡಿದ್ದರು. ಈ ಸಂಗತಿ ನನಗೆ ಗೊತ್ತಾದದ್ದು ತೀರ ಈಚೆಗೆ. ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಗೊತ್ತಿರಬೇಕಾದ ಕತೆ ಇದು.

ಮಸ್ಸೂರಿಯಲ್ಲಿ ಹುಟ್ಟಿದ ವೈದ್ಯ

ಕಾರ್ಲ್ ಟೇಲರ್ ಹುಟ್ಟಿದ್ದು 1916ರಲ್ಲಿ, ಹಿಮಾಲಯದ ತಪ್ಪಲಿನ ಮಸ್ಸೂರಿಯಲ್ಲಿ. ತಂದೆತಾಯಿ ಅಮೆರಿಕದಿಂದ ಬಂದಿದ್ದ ಮಿಷನರಿ ವೈದ್ಯರು. ಹುಡುಗ ಹಿಂದಿ ಆಡುತ್ತಲೇ ಬೆಳೆದ. ಮುಂದೆ ಅಮೆರಿಕದ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ ಭಾರತಕ್ಕೆ ಮರಳಿದರು. 1947ರ ದೇಶ ವಿಭಜನೆಯ ದಿನಗಳಲ್ಲಿ ನಿರಾಶ್ರಿತರಿಗೆ ವೈದ್ಯಕೀಯ ನೆರವು ನೀಡುವ ತಂಡದೊಡನೆ ದುಡಿದರು. ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ರೋಗ ತಡೆಗಟ್ಟುವ ವೈದ್ಯವಿಜ್ಞಾನವನ್ನು ಕಲಿಸಿದರು.

1961ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಅಲ್ಲಿ ಅಂತರರಾಷ್ಟ್ರೀಯ ಆರೋಗ್ಯ ವಿಭಾಗವನ್ನು ಕಟ್ಟಿದವರು ಅವರೇ. ವಿಭಾಗ ಬಾಲ್ಟಿಮೋರ್‌ನಲ್ಲಿದ್ದರೂ ಅದರ ನಿಜವಾದ ಪ್ರಯೋಗಶಾಲೆ ಇದ್ದದ್ದು ಲೂಧಿಯಾನ ಜಿಲ್ಲೆಯ ನಾರಂಗವಾಲ್ ಎಂಬ ಹಳ್ಳಿಯಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ಅಲ್ಲಿ ಒಂದು ಗ್ರಾಮೀಣ ಆರೋಗ್ಯ ಸಂಶೋಧನಾ ಕೇಂದ್ರ ತಲೆಯೆತ್ತಿತು.

ನಾಲ್ಕು ಬಗೆಯ ಹಳ್ಳಿಗಳು

ಅಂದು ವೈದ್ಯಲೋಕದಲ್ಲಿ ಒಂದು ದೊಡ್ಡ ಚರ್ಚೆ ನಡೆದಿತ್ತು. ಬಡ ದೇಶಗಳ ಮಕ್ಕಳು ಸಾಯುವುದು ಅನ್ನವಿಲ್ಲದೆಯೋ, ರೋಗದಿಂದಲೋ? ಊಟ ಕೊಟ್ಟರೆ ಸಾಕೆಂದು ಕೆಲವರು, ಔಷಧ ಕೊಟ್ಟರೆ ಸಾಕೆಂದು ಮತ್ತೆ ಕೆಲವರು. ಟೇಲರ್ ಮತ್ತು ಅವರ ಸಂಗಡಿಗರು ವಾದ ಬಿಟ್ಟು ಪ್ರಯೋಗಕ್ಕಿಳಿದರು.

ಹಳ್ಳಿಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಮಕ್ಕಳಿಗೆ ಪೂರಕ ಆಹಾರ. ಇನ್ನೊಂದರಲ್ಲಿ ವೈದ್ಯಕೀಯ ಆರೈಕೆ. ಮೂರನೆಯದರಲ್ಲಿ ಎರಡೂ. ನಾಲ್ಕನೆಯದು ಹೋಲಿಕೆಗೆಂದು ಇದ್ದದ್ದು. ಅಲ್ಲಿ ಎಂದಿನ ಸರ್ಕಾರಿ ಸೇವೆ ಮಾತ್ರ. ಹತ್ತನೇ ತರಗತಿಯ ಮಕ್ಕಳು ಪ್ರಯೋಗದಲ್ಲಿ ಒಂದು ಕುಂಡವನ್ನು ಬಿಸಿಲಿಗೂ ಇನ್ನೊಂದನ್ನು ಕತ್ತಲಿಗೂ ಇಡುತ್ತಾರಲ್ಲ, ಅದೇ ತತ್ತ್ವ. ಆದರೆ ಇಲ್ಲಿದ್ದದ್ದು ಕುಂಡಗಳಲ್ಲ, ಕೂಸುಗಳು. ಮೊದಲೆರಡು ಗುಂಪಿಗೆ ಕೊಟ್ಟದ್ದನ್ನು ನಾಲ್ಕನೆಯ ಗುಂಪಿನ ಹಳ್ಳಿಗೆ ಕೊಡದಿರುವುದು ಸರಿಯೇ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಇಂಥ ಅಧ್ಯಯನಗಳಿಗೆ ಇಂದು ನೈತಿಕ ಸಮಿತಿಗಳ ಒಪ್ಪಿಗೆ ಬೇಕೇ ಬೇಕು.

ಕಂಡುಬಂದದ್ದೇನು? ಊಟ ಪಡೆದ ಮಕ್ಕಳು ಚೆನ್ನಾಗಿ ಬೆಳೆದರು, ಆರೈಕೆ ಪಡೆದ ಹಳ್ಳಿಗಳಲ್ಲಿ ಸಾವು ತಗ್ಗಿತು. ಅನ್ನ ಮತ್ತು ರೋಗ ಬೇರೆ ಬೇರೆ ಶತ್ರುಗಳಲ್ಲ, ಒಂದರ ಕೈ ಇನ್ನೊಂದು ಹಿಡಿದಿರುತ್ತದೆ ಎಂಬುದು ನಿಚ್ಚಳವಾಯಿತು. ಭೇದಿಯಾದ ಮಗು ಉಣ್ಣುವುದಿಲ್ಲ, ಉಂಡದ್ದು ಮೈಗೆ ಹತ್ತುವುದಿಲ್ಲ. ಸೊರಗಿದ ಮೈಗೆ ಮುಂದಿನ ಸೋಂಕನ್ನು ಎದುರಿಸುವ ಶಕ್ತಿ ಇರುವುದಿಲ್ಲ. ಹೀಗೆ ಒಂದರ ಹಿಂದೊಂದು ಸುತ್ತು. ಈ ಸುತ್ತನ್ನು ಕುರಿತು ನೆವಿನ್ ಸ್ಕ್ರಿಮ್‌ಶಾ ಮತ್ತು ಜಾನ್ ಗಾರ್ಡನ್ ಅವರೊಂದಿಗೆ ಟೇಲರ್ ಬರೆದ ಗ್ರಂಥವನ್ನು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು.

ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿತ್ತು. ಈ ಹಳ್ಳಿಗಳಲ್ಲಿ ದಿನನಿತ್ಯದ ಆರೈಕೆ ಮಾಡಿದವರು ಡಾಕ್ಟರುಗಳಲ್ಲ. ದಾದಿ-ಸೂಲಗಿತ್ತಿಯ ತರಬೇತಿ ಪಡೆದ ಹೆಣ್ಣುಮಕ್ಕಳು. ಅವರು ಮನೆಮನೆಗೆ ಹೋಗಿ ಮಕ್ಕಳನ್ನು ನೋಡುತ್ತಿದ್ದರು. ಮಗುವಿಗೆ ಕೆಮ್ಮು ಬಂದು ಉಸಿರಾಟ ಕಷ್ಟವಾದರೆ ಲಕ್ಷಣ ಗುರುತಿಸಿ ಅಲ್ಲಿಯೇ ಪೆನಿಸಿಲಿನ್ ಕೊಡುತ್ತಿದ್ದರು. ಅವರಿಗೆ ತೊಡಕೆನಿಸಿದರೆ ಬೆನ್ನಿಗೆ ವೈದ್ಯರಿದ್ದರು. ಡಾಕ್ಟರಲ್ಲದವರ ಕೈಗೆ ಇಂಥ ಔಷಧ ಕೊಡುವುದು ಅಂದಿಗೆ ಎದೆಗಾರಿಕೆಯ ಮಾತು. ಆದರೆ ನ್ಯುಮೋನಿಯಾ ಸಾವುಗಳು ಇಳಿದವು.

ಮುಚ್ಚಿದ ಬಾಗಿಲು

ಇಷ್ಟು ಫಲ ಕೊಟ್ಟ ಕೇಂದ್ರ ಬೆಳೆಯಬೇಕಿತ್ತಲ್ಲವೇ? ಬೆಳೆಯಲಿಲ್ಲ. 1971ರ ಬಾಂಗ್ಲಾ ಯುದ್ಧದಲ್ಲಿ ಅಮೆರಿಕ ಪಾಕಿಸ್ತಾನದ ಪರ ವಾಲಿತು. ಎರಡು ಸರ್ಕಾರಗಳ ನಡುವಿನ ಸ್ನೇಹ ಹಳಸಿತು. ಅಮೆರಿಕದ ನೆರವಿನ ಕೆಲಸಗಳನ್ನು ಅನುಮಾನದಿಂದ ನೋಡುವ ಕಾಲ ಬಂತು. 1974ರಲ್ಲಿ ನಾರಂಗವಾಲ್ ಯೋಜನೆ ನಿಂತುಹೋಯಿತು.

ನನ್ನ ತಮ್ಮ ತೀರಿಕೊಂಡ ವರ್ಷವೂ ಅದೇ. ಒಂದಕ್ಕೊಂದು ಸಂಬಂಧವಿಲ್ಲ, ನಿಜ. ನಾರಂಗವಾಲ್ ಎಲ್ಲಿ, ನಮ್ಮ ಮಲೆನಾಡ ಸೆರಗಿನ ಊರೆಲ್ಲಿ! ಆದರೂ ಇಸವಿ ನೋಡಿದಾಗ ಕೈಯಲ್ಲಿದ್ದ ಪುಸ್ತಕವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ.

ಕಟ್ಟಡ ಮುಚ್ಚಿದರೂ ಕಲಿತದ್ದು ಮುಚ್ಚಿಹೋಗಲಿಲ್ಲ. 1978ರ ಸೆಪ್ಟೆಂಬರಿನಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾ ನಗರದಲ್ಲಿ (ಇಂದು ಕಜಾಕಸ್ತಾನದ ಅಲ್ಮಾಟಿ) ಜಗತ್ತಿನ ರಾಷ್ಟ್ರಗಳು ಸೇರಿ ಪ್ರಾಥಮಿಕ ಆರೋಗ್ಯ ಎಲ್ಲರ ಹಕ್ಕು ಎಂದು ಸಾರಿದವು. ಆ ಘೋಷಣೆಯನ್ನು ಸಿದ್ಧಪಡಿಸುವಲ್ಲಿ ಸಲಹೆಗಾರರಾಗಿ ದುಡಿದವರಲ್ಲಿ ಟೇಲರ್ ಪ್ರಮುಖರು. ನಾರಂಗವಾಲ್ ಅಧ್ಯಯನದ ಪೂರ್ಣ ವರದಿ ಎರಡು ಸಂಪುಟಗಳಲ್ಲಿ 1983ರಲ್ಲಿ ಹೊರಬಂತು.

ಶಿಷ್ಯರು ಹಿಡಿದ ದಾರಿ

ವಿಶ್ವವಿದ್ಯಾಲಯದ ನಿಜವಾದ ಆಸ್ತಿ ಅದರ ವಿದ್ಯಾರ್ಥಿಗಳು. ವೆಲ್ಲೂರಿನಲ್ಲಿ ವೈದ್ಯಕೀಯ ಓದಿದ್ದ ರಜನೀಕಾಂತ್ ಆರೋಳೆ ಮತ್ತು ಮೇಬಲ್ ಆರೋಳೆ ದಂಪತಿ ಹಾಪ್ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಕಲಿತು, 1970ರಲ್ಲಿ ಮಹಾರಾಷ್ಟ್ರದ ಬರಪೀಡಿತ ಜಾಮಖೇಡದಲ್ಲಿ ನೆಲೆಸಿದರು. ಹಳ್ಳಿಯವರೇ ಆರಿಸಿ ಕಳಿಸಿದ ಹೆಂಗಸರಿಗೆ, ಅವರಲ್ಲಿ ಹಲವರು ಓದುಬರಹ ಬಾರದವರು, ಆರೋಗ್ಯದ ಪಾಠ ಹೇಳಿದರು. 1979ರಲ್ಲಿ ಆ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇನ್ನೊಂದು ಜೋಡಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್. ಅವರೂ 1984ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, ಅಮೆರಿಕದಲ್ಲಿ ನಿಲ್ಲದೆ, 1986ರಲ್ಲಿ ಮಹಾರಾಷ್ಟ್ರದ ಕಾಡುಜಿಲ್ಲೆ ಗಡಚಿರೋಲಿಗೆ ಬಂದರು. ಅಲ್ಲಿ ಮಕ್ಕಳನ್ನು ಹೆಚ್ಚಾಗಿ ಕೊಲ್ಲುತ್ತಿದ್ದುದು ನ್ಯುಮೋನಿಯಾ. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ರೋಗ ಗುರುತಿಸಿ ಔಷಧ ಕೊಡಲು ಕಲಿಸಿದರು. ಎಣಿಕೆ ಬಾರದ ಸೂಲಗಿತ್ತಿಯರಿಗೆಂದು ಮಣಿಗಳ ಒಂದು ಸಾಧನವನ್ನೇ ಮಾಡಿದರು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಒಂದು ನಿಮಿಷದ ಮರಳು ಗಡಿಯಾರ ಖಾಲಿಯಾಗುವ ಮೊದಲೇ ಕೆಂಪು ಮಣಿ ಬಂದರೆ ಅದು ನ್ಯುಮೋನಿಯಾ!

1990ರಲ್ಲಿ ಅವರ ಅಧ್ಯಯನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೇವೆ ಇಲ್ಲದ ಹಳ್ಳಿಗಳಲ್ಲಿ ಐದು ವರ್ಷದೊಳಗಿನ ಸಾವಿರ ಮಕ್ಕಳಲ್ಲಿ 17.5 ನ್ಯುಮೋನಿಯಾ ಸಾವು. ಸೇವೆ ಇದ್ದಲ್ಲಿ 8.1. ಆಮೇಲೆ ನವಜಾತ ಶಿಶುಗಳತ್ತ ಹೊರಳಿದರು. ಮನೆಯಲ್ಲೇ ಆರೈಕೆ ಮಾಡಲು 39 ಹಳ್ಳಿಗಳ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟರು. 1999ರಲ್ಲಿ ಬಂದ ಫಲಿತಾಂಶದ ಪ್ರಕಾರ ಅಲ್ಲಿ ನವಜಾತ ಶಿಶುಗಳ ಸಾವು, ಹೋಲಿಕೆಯ ಹಳ್ಳಿಗಳಿಗಿಂತ ಶೇಕಡ 62ರಷ್ಟು ಇಳಿದಿತ್ತು.

ಉಸಿರಿನ ಲೆಕ್ಕ

ಸ್ಟೆತಾಸ್ಕೋಪ್ ಇಲ್ಲದೆ, ಎಕ್ಸ್‌ರೇ ಇಲ್ಲದೆ ಬರೀ ಎಣಿಕೆಯಿಂದ ಶ್ವಾಸಕೋಶದ ರೋಗ ತಿಳಿಯುವುದು ಹೇಗೆ? ಇದು ನಮ್ಮ ಪಾಠಪುಸ್ತಕದಲ್ಲೇ ಇರುವ ವಿಜ್ಞಾನ. ನಮ್ಮ ಶ್ವಾಸಕೋಶದಲ್ಲಿ ಕೋಟ್ಯಂತರ ಸಣ್ಣ ಗಾಳಿಗೂಡುಗಳಿವೆ. ಆಮ್ಲಜನಕ ರಕ್ತಕ್ಕೆ ಸೇರುವುದು ಅಲ್ಲಿಯೇ. ನ್ಯುಮೋನಿಯಾದಲ್ಲಿ ಆ ಗೂಡುಗಳಲ್ಲಿ ಕೀವು, ದ್ರವ ತುಂಬಿಕೊಳ್ಳುತ್ತದೆ. ಶ್ವಾಸಕೋಶ ಬಿಗಿಯುತ್ತದೆ. ಒಂದೊಂದು ಉಸಿರಿಗೂ ಸಿಗುವ ಗಾಳಿ ಕಡಿಮೆ. ಕೊರತೆ ತುಂಬಿಸಲು ಮಗು ಬೇಗ ಬೇಗ ಉಸಿರಾಡುತ್ತದೆ. ರೋಗ ಬಲಿತಾಗ ಉಸಿರೆಳೆದುಕೊಳ್ಳುವಾಗ ಎದೆಯ ಕೆಳಭಾಗ ಒಳಕ್ಕೆ ಸೇದಿಕೊಳ್ಳುತ್ತದೆ. ನಮ್ಮ ಹಿರಿಯರು ಪಕ್ಕೆ ಸೆಳೆತ ಎನ್ನುವುದು ಇದನ್ನೇ.

ಕೆಮ್ಮು ಅಥವಾ ಉಸಿರಾಟದ ತೊಂದರೆ ಇರುವ ಮಗುವಿಗೆ ಎರಡು ತಿಂಗಳೊಳಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಉಸಿರಿದ್ದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಪಕ್ಕೆ ಸೆಳೆತವಿದ್ದರೆ, ಮಗು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ ಎಣಿಕೆಗೂ ಕಾಯಬಾರದು. ಎಣಿಸುವಾಗ ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಸೋಮಾರಿತನವೂ ಬೇಡ. ಪುಟ್ಟ ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಪೂರ್ತಿ ಒಂದು ನಿಮಿಷ ಬೇಕು. ಹಾಗೆಂದು ಅಂಗಡಿಯಿಂದ ನೀವೇ ಆ್ಯಂಟಿಬಯಾಟಿಕ್ ತಂದು ಕೊಡಬೇಡಿ. ತರಬೇತಿ ಪಡೆದವರು ಅಳತೆ ನೋಡಿ ಕೊಡುವುದೇ ಬೇರೆ, ಊಹೆಯ ಮೇಲೆ ಕೊಡುವುದೇ ಬೇರೆ. ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ 2021ರಿಂದ ದೇಶದಾದ್ಯಂತ ಸರ್ಕಾರದಿಂದ ಉಚಿತವಾಗಿ ದೊರೆಯುತ್ತಿದೆ. ಅದನ್ನು ತಪ್ಪಿಸಬೇಡಿ.

ನಮ್ಮ ಬಾಗಿಲಿಗೆ

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಹಳ್ಳಿಗೊಬ್ಬ ಆಶಾ ಕಾರ್ಯಕರ್ತೆ ಎಂಬ ವ್ಯವಸ್ಥೆ ಬಂತು. ಗಡಚಿರೋಲಿಯ ಪ್ರಯೋಗದ ಜಾಡಿನಲ್ಲಿ 2011ರಲ್ಲಿ ನವಜಾತ ಶಿಶುಗಳ ಮನೆ ಆರೈಕೆ ಇಡೀ ದೇಶದ ಕಾರ್ಯಕ್ರಮವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನಗಳಂದು ಆಕೆ ಮನೆಗೆ ಬರಬೇಕು. ನನ್ನ ಮೊಮ್ಮಗಳ ಹದಿನಾಲ್ಕನೇ ದಿನದ ಭೇಟಿ ಈ ಪಟ್ಟಿಯದೇ.

1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. 2020ರಲ್ಲಿ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಇದೆಲ್ಲ ಒಂದು ವಿಶ್ವವಿದ್ಯಾಲಯದ ಪವಾಡವೆಂದರೆ ತಪ್ಪಾದೀತು. ಲಸಿಕೆ, ರಸ್ತೆ, ಕುಡಿಯುವ ನೀರು, ಹೆಣ್ಣುಮಕ್ಕಳ ಓದು ಎಲ್ಲದರ ಪಾಲೂ ಇದೆ. ಆದರೆ ಹಳ್ಳಿಯ ಹೆಣ್ಣುಮಗಳನ್ನು ನಂಬಿ ಕಲಿಸಿದರೆ ಆಕೆ ಜೀವ ಉಳಿಸಬಲ್ಲಳು ಎಂಬುದಕ್ಕೆ ಲೆಕ್ಕಪಕ್ಕಾ ಪುರಾವೆ ಕೊಟ್ಟ ಮೊದಲಿಗರಲ್ಲಿ ನಾರಂಗವಾಲ್‌ನವರು ಸೇರುತ್ತಾರೆ.

ಆ ಹೆಣ್ಣುಮಗಳನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಮಿಕ್ಕ ಆಶಾ ಕಾರ್ಯಕರ್ತೆಯರನ್ನು ಒಟ್ಟಾಗಿ ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನಲ್ಲಿ ಹಗಲೂ ರಾತ್ರಿ ಧರಣಿ ಕೂರಬೇಕಾಯಿತು. ಪ್ರಶಸ್ತಿಯೂ ಧರಣಿಯೂ ಒಬ್ಬಳದೇ ಎಂಬುದನ್ನು ಮರೆಯಬಾರದು.

ಕಾರ್ಲ್ ಟೇಲರ್ 2010ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ತೊಂಬತ್ತರ ಹತ್ತಿರದ ವಯಸ್ಸಿನಲ್ಲೂ ಅಫ್ಘಾನಿಸ್ತಾನದಲ್ಲಿ ಹಳ್ಳಿಯ ಹೆಂಗಸರಿಗೆ ಆರೋಗ್ಯದ ಪಾಠ ಹೇಳಿಸುವ ಕೆಲಸದಲ್ಲಿದ್ದರಂತೆ.

ಈ ವರ್ಷ ಶ್ವಾಸಾಂಗದ ಪಾಠ ಮಾಡುವಾಗ ನಾನು ಕಪ್ಪುಹಲಗೆಯ ಮೇಲೆ ಚಿತ್ರ ಬರೆಯುವ ಮೊದಲು ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ಒಬ್ಬರ ಉಸಿರನ್ನು ಇನ್ನೊಬ್ಬರು ಒಂದು ನಿಮಿಷ ಎಣಿಸುವಂತೆ ಮಾಡಿದೆ. ಮೊದಲು ನಗು, ಗದ್ದಲ. ಆಮೇಲೆ ತರಗತಿ ನಿಶ್ಶಬ್ದವಾಯಿತು. ಮನೆಯಲ್ಲಿ ಪುಟ್ಟ ತಮ್ಮ, ತಂಗಿ ಇರುವವರು ಅವರು ಮಲಗಿದ್ದಾಗ ಎಣಿಸಿಕೊಂಡು ಬರಬೇಕೆಂದು ಹೇಳಿ ಕಳಿಸಿದೆ. ಮರುದಿನ ಹನ್ನೊಂದು ಮಕ್ಕಳು ಚೀಟಿಯಲ್ಲಿ ಸಂಖ್ಯೆ ಬರೆದು ತಂದಿದ್ದರು.

ಎಲ್ಲವೂ ನಲವತ್ತರ ಒಳಗೇ ಇದ್ದವು. ಮನೆಗೆ ಹೋಗಿ ಅಮ್ಮನಿಗೆ ಓದಿ ಹೇಳಿದೆ.